ಮಣ್ಣಿಗೆ ಕೊಟ್ಟ ಕಾವು

ಆ ಊರಿನಲ್ಲಿ ಸತ್ತವರ ಹೆಸರನ್ನು ಹಕ್ಕಿ ಹಾಡುವ ತನಕ ಮನುಷ್ಯರು ಹೇಳುವಂತಿರಲಿಲ್ಲ.

ಯಾವ ಮನೆಯಲ್ಲಿ ಸಾವಾಯಿತೋ ಆ ಮನೆಯಲ್ಲೇ ಒಂದು ಹಳದಿ ಕ್ಯಾನರಿ ಹಕ್ಕಿ ಮೊಟ್ಟೆಯೊಡೆದು ಹುಟ್ಟಬೇಕು. ಆ ಮನೆಯಲ್ಲೇ ಅದರ ರೆಕ್ಕೆ ಬಲಿಯಬೇಕು. ಆ ಮನೆಯಲ್ಲೇ ಅದು ಮೊದಲ ಸಲ ಹಾಡಬೇಕು. ಅಲ್ಲಿಯವರೆಗೆ ಸತ್ತವರು ಬರೀ 'ಅವಳು', ಬರೀ 'ಅವರು'. ಹಕ್ಕಿ ಹಾಡಿದ ದಿನ ನೆರೆಹೊರೆಯವರೆಲ್ಲ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ಮನೆಯ ಹಿರಿಯರು ಹೊಸ್ತಿಲ ಮೇಲೆ ನಿಂತು ಸತ್ತವರ ಹೆಸರನ್ನು ಮೂರು ಸಲ ಕೂಗುತ್ತಿದ್ದರು. ಕೊನೆಗಾಲದಲ್ಲಿ ಹತ್ತಿರವಿದ್ದವರು ಸತ್ತವರ ಪರವಾಗಿ ಮೂರು ಸಲವೂ 'ಬಂದೆ' ಎಂದು ಓಗೊಡುತ್ತಿದ್ದರು. ಅಷ್ಟಾದರೆ ಆ ಹೆಸರು ಮತ್ತೆ ಊರಿನದು. ಅದನ್ನು ಮಾತಿನಲ್ಲಿ ಆಡಬಹುದು, ಕೂಸಿಗೆ ಇಡಬಹುದು, ನೆನೆದು ನಗಬಹುದು. ಇಟ್ಟ ಮೊಟ್ಟೆಗಳು ಒಡೆಯದೆ ಹೋದರೆ ಮಾತ್ರ ಹಕ್ಕಿಗಳೊಂದಿಗೆ ಹೆಸರನ್ನೂ ಅವು ಬಂದ ಊರ ಹಕ್ಕಿಮನೆಗೆ ಒಪ್ಪಿಸಿಬಿಡಬೇಕು. ಅಲ್ಲಿ ಒಪ್ಪಿಸಿದ ಹೆಸರನ್ನು ಮುಂದೆ ಯಾರೂ ಎತ್ತುವಂತಿಲ್ಲ.

ಆದ್ದರಿಂದ ಈ ಕಥೆಯಲ್ಲಿ ದರ್ಜಿಯ ಹೆಂಡತಿಗೂ ಸದ್ಯಕ್ಕೆ ಹೆಸರಿಲ್ಲ.

ಅವಳು ಹೋದದ್ದು ಮಾಘದ ಒಂದು ಮಧ್ಯಾಹ್ನ. ಎರಡು ದಿನದಿಂದ ಎದೆ ಭಾರ ಎಂದು ಒಳಕೋಣೆಯಲ್ಲಿ ಮಲಗಿದ್ದಳು. ಅವಳ ತಾಯಿ, ಎಂದರೆ ದರ್ಜಿಯ ಅತ್ತೆ, ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು. ದರ್ಜಿ ಜಗುಲಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಮದುವಣಗಿತ್ತಿಯ ಕುಪ್ಪಸ ಹೊಲಿಯುತ್ತಿದ್ದ. ಒಂದು ತೋಳು ಕೂಡಿಸಿಯಾಗಿತ್ತು, ಇನ್ನೊಂದು ಉಳಿದಿತ್ತು.

"ರೀ, ಸ್ವಲ್ಪ ಬರ್ತೀರಾ?" ಎಂದು ಒಳಗಿನಿಂದ ದನಿ ಬಂತು.

"ಬಂದೆ" ಎಂದ ದರ್ಜಿ. ಕಾಲು ತುಳಿಯುತ್ತಲೇ ಇತ್ತು.

"ರೀ..."

"ಬಂದೆ, ಬಂದೆ."

ತೋಳು ಕೂಡಿಸಿ, ದಾರ ಕತ್ತರಿಸಿ, ಸೂಜಿಯನ್ನು ಮೇಲೆತ್ತಿ ಅವನು ಒಳಗೆ ಹೋದ. ಅವಳ ಕಣ್ಣು ಬಾಗಿಲ ಕಡೆಗೇ ತೆರೆದಿತ್ತು. ಆ ಕಣ್ಣಿನಲ್ಲಿ ನೋಟವಿರಲಿಲ್ಲ.

ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದ ಅತ್ತೆ ಬುಟ್ಟಿಯನ್ನು ಅಲ್ಲೇ ಕೆಡವಿ ಮಗಳ ಮೇಲೆ ಬಿದ್ದಳು. ಅತ್ತು ಸುಸ್ತಾದ ಮೇಲೆ ಅಳಿಯನ ಕಡೆ ತಿರುಗಿ, "ಏನಾದ್ರೂ ಹೇಳಿದಳಾ? ಯಾರನ್ನಾದ್ರೂ ಕರೆದಳಾ?" ಎಂದು ಕೇಳಿದಳು.

"ಇಲ್ಲ ಅತ್ತೆ" ಎಂದ ದರ್ಜಿ. "ನಿದ್ದೆಯಲ್ಲೇ ಹೋದಳು."

ಹೇಳಿದ್ದು ಇಷ್ಟೇ ಮಾತು. ಬಂದವರೆಲ್ಲ ಅದನ್ನೇ ಹಿಡಿದು, ಪುಣ್ಯವಂತೆ, ನರಳಲಿಲ್ಲ, ಯಾರನ್ನೂ ಕಾಯಿಸಲಿಲ್ಲ ಎಂದರು. ದರ್ಜಿ ಪ್ರತಿಸಲವೂ ತಲೆಯಾಡಿಸಿದ.

ಹದಿಮೂರು ದಿನ ಕಳೆದ ಮೇಲೆ ಹಕ್ಕಿಮನೆಯವ್ವ ಬಂದಳು. ಊರಿನ ಹಕ್ಕಿಗಳನ್ನೆಲ್ಲ ಸಾಕುವವಳು ಅವಳು. ಎಷ್ಟು ವಯಸ್ಸೆಂದು ಯಾರಿಗೂ ಗೊತ್ತಿರಲಿಲ್ಲ. ಅವಳ ಕೈಯಲ್ಲಿ ಒಂದು ಗೂಡು, ಗೂಡಿನ ನಡುವೆ ತಂತಿಯ ತಡಿಕೆ, ಆಚೆಗೊಂದು ಗಂಡು ಈಚೆಗೊಂದು ಹೆಣ್ಣು. ಎರಡೂ ಅರಿಸಿನದ ಮುದ್ದೆಯಂತೆ ದುಂಡಗಿದ್ದವು.

ದರ್ಜಿಗೆ ಹಕ್ಕಿ ಸಾಕಿ ಗೊತ್ತಿರಲಿಲ್ಲ. ಅವನ ತಂದೆತಾಯಿ ಹೋದಾಗ ಅವನಿನ್ನೂ ಚಿಕ್ಕವನು, ದೊಡ್ಡಪ್ಪನ ಮನೆಯವರು ಎಲ್ಲವನ್ನೂ ಮಾಡಿ ಮುಗಿಸಿದ್ದರು. ಮೊಟ್ಟೆ ಇಡಿಸುವುದು, ಮರಿ ಮಾಡಿಸುವುದು ಅವನಿಗೆ ಇದೇ ಮೊದಲು.

"ನೋಡಪ್ಪ ದರ್ಜಿ" ಎಂದು ಹಕ್ಕಿಮನೆಯವ್ವ ಗೂಡನ್ನು ಮೂಡಣ ಕಿಟಕಿಯ ಹತ್ತಿರ ತೂಗುಹಾಕಿಸಿದಳು. "ಮೊದಲು ಇವು ತಡಿಕೆ ನಡುವೆ ಇಟ್ಕೊಂಡೇ ನೋಡ್ಕೋಬೇಕು. ಗಂಡು ತನ್ನ ಬಾಯಿಂದ ಹೆಣ್ಣಿಗೆ ಕಾಳು ತಿನ್ನಿಸೋಕೆ ಶುರುಮಾಡಿದ ದಿನ ತಡಿಕೆ ತೆಗಿ. ಗೂಡೊಳಗೆ ಒಂದು ಬಟ್ಟಲು ಇಡು, ಹತ್ತಿ ಕೊಡು, ನಾರು ಕೊಡು, ಅದೇ ಕಟ್ಕೊಳುತ್ತೆ. ಹೊಲಿಗೆ ದಾರ ಮಾತ್ರ ಕೊಡಬೇಡ, ಕಾಲಿಗೆ ಸುತ್ತಿಕೊಂಡು ಕಾಲೇ ಹೋಗಿಬಿಡುತ್ತೆ. ನವಣೆ, ಬೇಯಿಸಿದ ಮೊಟ್ಟೆ, ಒಂದಿಷ್ಟು ಸೊಪ್ಪು, ಸ್ನಾನಕ್ಕೆ ನೀರು. ಆಯ್ತಾ?"

"ಆಯ್ತು."

ಆಮೇಲೆ ಅವಳು ಸೆರಗಿನ ಗಂಟಿನಿಂದ ನಾಲ್ಕು ಮೊಟ್ಟೆ ತೆಗೆದು ಅವನ ಅಂಗೈಯಲ್ಲಿಟ್ಟಳು. ತಿಳಿನೀಲಿ ಮೈ, ಮೇಲೆ ಕಂದು ಚುಕ್ಕೆ. ಬಣ್ಣ ಬಳಿದ ಸುಟ್ಟ ಮಣ್ಣು.

"ಹೆಣ್ಣು ದಿನಕ್ಕೊಂದು ಇಡುತ್ತೆ. ಇಟ್ಟ ಹಾಗೆಲ್ಲ ಒಂದೊಂದಕ್ಕೇ ಕಾವು ಕೊಟ್ಟರೆ ಮೊದಲನೇದು ಮೊದಲು ಒಡೆದು, ದೊಡ್ಡದಾಗಿ, ಕೊನೇದನ್ನ ತುಳಿದು ಹಾಕುತ್ತೆ. ಅದಕ್ಕೇ ದಿನಾ ಬೆಳಿಗ್ಗೆ ನಿಜವಾದ್ದನ್ನ ತೆಗೆದು ಹತ್ತಿಯೊಳಗೆ ಇಡು, ಅದರ ಜಾಗದಲ್ಲಿ ಮಣ್ಣಿನದನ್ನ ಇಡು. ನಾಲ್ಕನೇ ಬೆಳಿಗ್ಗೆ ಎಲ್ಲಾನೂ ಒಟ್ಟಿಗೆ ವಾಪಸ್ಸು ಕೊಟ್ಟುಬಿಡು. ಆಗ ಎಲ್ಲ ಒಂದೇ ದಿನ ಹುಟ್ಟುತ್ವೆ." ಅವಳು ಅವನ ಬೆರಳುಗಳನ್ನು ಮಣ್ಣಿನ ಮೊಟ್ಟೆಗಳ ಮೇಲೆ ಮಡಿಸಿದಳು. "ಇದು ತಾಯಿಗೆ ಹೇಳೋ ಸುಳ್ಳು. ಮೂರು ದಿನಕ್ಕಿಂತ ಜಾಸ್ತಿ ಹೇಳಬಾರದು."

ಆರು ದಿನ ಹಕ್ಕಿಗಳು ಒಂದನ್ನೊಂದು ಕಂಡೇ ಇಲ್ಲವೆಂಬಂತೆ ಇದ್ದವು. ಏಳನೆಯ ದಿನ ಗಂಡು ತಡಿಕೆಗೆ ಕೊಕ್ಕು ತೂರಿಸಿತು, ಹೆಣ್ಣು ರೆಕ್ಕೆ ನಡುಗಿಸಿ ಬಾಯ್ತೆರೆಯಿತು. ದರ್ಜಿ ತಡಿಕೆ ಎಳೆದ. ಅತ್ತೆ ತನ್ನ ಹಳೆಯ ದಿಂಬಿನ ಒಂದು ಮೂಲೆ ಬಿಚ್ಚಿ ಹತ್ತಿ ಕಿತ್ತು ಕೊಟ್ಟಳು. ಅವಳ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಹಕ್ಕಿಗಳು ಅವಳಿಗೆ ಹಳದಿಯ ಎರಡು ಅಲುಗಾಟ ಮಾತ್ರ. ಹಾಗಾಗಿ ಕಿವಿಯಿಂದಲೇ ನೋಡುತ್ತಿದ್ದಳು. "ಈಗ ಹತ್ತಿ ಎಳೀತಿದೆ. ಈಗ ಬಟ್ಟಲಲ್ಲಿ ಕೂತು ಎದೆ ಒತ್ತಿ ಗುಂಡಗೆ ಮಾಡ್ತಿದೆ. ಅಲ್ವೇ ಅಳಿಯಂದ್ರೇ?" ಎನ್ನುವಳು. ಹೌದು ಎನ್ನುವನು ಅವನು. ಮಗಳು ಹೋದಮೇಲೆ ಅತ್ತೆಯ ಮುಖದಲ್ಲಿ ಅಷ್ಟು ಬೆಳಕು ಅವನು ಕಂಡಿರಲಿಲ್ಲ.

ಮೊದಲ ಬೆಳಿಗ್ಗೆ ಒಂದು ಮೊಟ್ಟೆ. ಅವನು ಅದನ್ನು ತೆಗೆದು ಹತ್ತಿ ಹಾಸಿದ ಗುಂಡಿಯ ಡಬ್ಬಿಯಲ್ಲಿಟ್ಟ, ಮಣ್ಣಿನದನ್ನು ಬಟ್ಟಲಲ್ಲಿಟ್ಟ. ಹೆಣ್ಣು ಬಂದು, ಕತ್ತು ಓರೆ ಮಾಡಿ ನೋಡಿ, ಅದರ ಮೇಲೆ ಕೂತಿತು. ಎರಡನೆಯ ಬೆಳಿಗ್ಗೆ ಇನ್ನೊಂದು. ಮೂರನೆಯ ಬೆಳಿಗ್ಗೆ ಮತ್ತೊಂದು. ನಾಲ್ಕನೆಯ ಬೆಳಿಗ್ಗೆ ಅವನು ಕೊನೆಯ ಮೊಟ್ಟೆಯನ್ನೂ ಡಬ್ಬಿಗೆ ಹಾಕಿ, ಕೊನೆಯ ಮಣ್ಣಿನದನ್ನು ಬಟ್ಟಲಿಗೆ ಹಾಕಿದ. ಹಾಕಿದ ಮೇಲೆ ನೆನಪಾಯಿತು, ಇವತ್ತು ಹಾಕುವುದಲ್ಲ, ತೆಗೆಯುವುದು ಎಂದು. ಡಬ್ಬಿ ತೆರೆದು ಹಿಡಿದು ಗೂಡಿನ ಮುಂದೆ ನಿಂತ.

ಅಂಗಳದಲ್ಲಿ ಅತ್ತೆ ಎದುರುಮನೆಯವಳಿಗೆ ಹೇಳುತ್ತಿದ್ದಳು. "ಇವತ್ತಿಗೆ ಹದಿನಾಲ್ಕು ದಿನಕ್ಕೆ ಮರಿ. ಅದಾದ ಮೇಲೆ ಎರಡು ಮೂರು ತಿಂಗಳು. ಆಷಾಢದ ಹೊತ್ತಿಗೆ ನನ್ನ ಮಗಳನ್ನ ನಾನು ಹೆಸರು ಹಿಡಿದು ಕೂಗ್ತೀನಿ." ಆಮೇಲೆ ಕಿಟಕಿಯ ಕಡೆಗೆ ದನಿ ಎತ್ತಿದಳು. "ಅಳಿಯಂದ್ರೇ, ಓಗೊಡೋವಾಗ ಗಂಟಲು ಕಟ್ಟಬಾರದು. ಗಟ್ಟಿಯಾಗಿ 'ಬಂದೆ' ಅನ್ನಬೇಕು. ಎಲ್ಲಿ, ಒಂದ್ಸಲ ಅಂದು ನೋಡಿ."

ದರ್ಜಿ ಬಾಯಿ ತೆರೆದ. ಆ ಮಾತು ಹೊರಡಲಿಲ್ಲ.

"ಅನ್ನಿ, ನಾಚಿಕೆ ಏನು?"

ಅವನಿಗೆ ಕಂಡದ್ದು ಜನ ತುಂಬಿದ ಅಂಗಳ. ಹೊಸ್ತಿಲ ಮೇಲೆ ಅತ್ತೆ. ಅವಳು ಕೂಗುವುದು, ಎಲ್ಲರೂ ತನ್ನ ಕಡೆ ತಿರುಗುವುದು, ತಾನು ಮತ್ತೆ ಅದೇ ಮಾತನ್ನು, ಅದೇ ಬಾಯಿಂದ, ಮೂರು ಸಲ ಹೇಳುವುದು. ಅವನು ಡಬ್ಬಿಯ ಮುಚ್ಚಳ ಹಾಕಿದ. ಸಾಯಂಕಾಲ ಕೊಡೋಣ ಎಂದುಕೊಂಡ.

ಸಾಯಂಕಾಲ, ನಾಳೆ ಬೆಳಿಗ್ಗೆ ಎಂದುಕೊಂಡ. ಮರುದಿನ ಬೆಳಿಗ್ಗೆ, ಒಂದು ದಿನ ತಡವಾದರೆ ಏನಾದೀತು ಎಂದುಕೊಂಡ. ಬೇಡ ಎಂದು ಅವನು ಎಂದೂ ತೀರ್ಮಾನಿಸಲಿಲ್ಲ. ದಿನಾ ಡಬ್ಬಿಯನ್ನು ಕೈಗೆ ತೆಗೆದುಕೊಂಡ, ದಿನಾ ಮತ್ತೆ ಇಟ್ಟ. ಹತ್ತು ದಿನ ಕಳೆದ ಮೇಲೆ ಒಂದು ಮೊಟ್ಟೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದ. ಒಳಗೆ ಎಲ್ಲವೂ ಒಂದು ಕಡೆಗೆ ಜಾರಿ ತಳದಲ್ಲಿ ಕೂತಿತ್ತು. ಇನ್ನು ಕೊಟ್ಟರೂ ಪ್ರಯೋಜನವಿರಲಿಲ್ಲ. ಒಂದು ಕ್ಷಣ ಅವನಿಗೆ ಹಗುರವೆನಿಸಿತು. ಹಗುರವೆನಿಸಿತಲ್ಲ ಎಂಬುದು ಆಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟಿತು.

ಹೆಣ್ಣು ಹಕ್ಕಿ ಮಾತ್ರ ಕೂತೇ ಇತ್ತು. ಬಿಸಿಲೇರಿದರೂ ಕೂತಿತ್ತು, ಬಿಸಿಲಿಳಿದರೂ ಕೂತಿತ್ತು. ಕೊಕ್ಕಿನಿಂದ ಮಣ್ಣಿನ ಮೊಟ್ಟೆಗಳನ್ನು ಮೆಲ್ಲಗೆ ಹೊರಳಿಸುತ್ತಿತ್ತು, ಎಲ್ಲ ಬದಿಗೂ ಸಮನಾಗಿ ಬಿಸಿ ತಾಗಲೆಂದು. ಗಂಡು ಕಾಳು ತಂದು ಬಾಯಿಗಿಡುತ್ತಿತ್ತು.

ಹದಿನಾಲ್ಕನೆಯ ದಿನ ಅತ್ತೆ ಮಿಂದು ಒಗೆದ ಸೀರೆಯುಟ್ಟು ಗೂಡಿನ ಪಕ್ಕ ಮಣೆ ಹಾಕಿಕೊಂಡು ಕೂತಳು. ಕಿವಿಯನ್ನು ತಂತಿಗೆ ಹಚ್ಚಿದಳು. ಸಾಯಂಕಾಲದವರೆಗೂ ಹಾಗೇ ಇದ್ದಳು.

"ಏನಾದ್ರೂ ಕೇಳಿಸ್ತಾ ಅತ್ತೆ?" ಎಂದು ದರ್ಜಿ ಕೇಳಿದ. ಕೇಳಬೇಕಲ್ಲ ಎಂದು ಕೇಳಿದ.

"ಇಲ್ಲ. ನಾಳೆ ಇರಬಹುದು."

ಹದಿನೈದು ಆಯಿತು, ಹದಿನೇಳು ಆಯಿತು. ಅತ್ತೆ ತನ್ನ ಪಾಲಿನ ಹಾಲನ್ನು ಕುಡಿಯದೆ ಹಕ್ಕಿಯ ರೊಟ್ಟಿ ನೆನೆಸಲು ಇಟ್ಟಳು. ಇಪ್ಪತ್ತನೆಯ ದಿನ ಹಕ್ಕಿಯ ಎದೆಯ ಮೂಳೆ ಗರಿಯ ಮೇಲೂ ಎದ್ದು ಕಾಣತೊಡಗಿತು. ಎದುರುಮನೆಯವಳು ಬರುವುದನ್ನು ಬಿಟ್ಟಳು. ಬಂದರೆ ಏನು ಕೇಳಬೇಕೋ ಅವಳಿಗೂ ತಿಳಿಯುತ್ತಿರಲಿಲ್ಲ. ದರ್ಜಿ ಹಗಲಿಡೀ ಹೊಲಿಯುತ್ತಿದ್ದ. ಹೊಲಿದದ್ದು ಸೊಟ್ಟಗಾದರೆ ಬಿಚ್ಚುತ್ತಿದ್ದ, ಮತ್ತೆ ಹೊಲಿಯುತ್ತಿದ್ದ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಅತ್ತೆ ತಲೆ ಬಾಚಿಕೊಂಡು, ಕೋಲು ತೆಗೆದುಕೊಂಡು ಜಗುಲಿಗೆ ಬಂದಳು.

"ಅಳಿಯಂದ್ರೇ, ನಾನು ಹಕ್ಕಿಮನೆಗೆ ಹೋಗಿ ಬರ್ತೀನಿ."

"ಯಾಕೆ ಅತ್ತೆ?"

"ಮೊಟ್ಟೆ ಒಡೆಯಲ್ಲ. ನನಗೆ ಗೊತ್ತಾಗಿದೆ. ಹಕ್ಕಿ ನನ್ನ ಬಾಯಿಗೆ ಒಪ್ಪಿಗೆ ಕೊಡ್ತಿಲ್ಲ." ಅವಳು ಕಂಬ ಹಿಡಿದು ಉಸಿರು ತೆಗೆದುಕೊಂಡಳು. "ನಿಮಗೆ ಇದನ್ನ ಹೇಳಿರಲಿಲ್ಲ. ಅವತ್ತು ಹೊಳೇಲಿ ಬಟ್ಟೆ ಒಗೆದಾದ ಮೇಲೂ ನಾನು ಬರಲಿಲ್ಲ. ನೆರಳಲ್ಲಿ ಕಾಲು ಚಾಚಿಕೊಂಡು ಹೆಂಗಸರ ಜೊತೆ ಮಾತಾಡ್ತಾ ಕೂತಿದ್ದೆ. ಒಳಗೆ ಮಲಗಿದ್ದ ಮಗಳನ್ನ ಬಿಟ್ಟು, ನಗ್ತಾ ಕೂತಿದ್ದೆ. ಆ ಬಾಯಿಂದ ಅವಳ ಹೆಸರು ಹೇಗೆ ಕೂಗ್ಲಿ? ಹೆಸರು ಒಪ್ಪಿಸಿಬಿಡ್ತೀನಿ. ಇಲ್ಲದಿದ್ರೆ ಆ ಹಕ್ಕಿ ಕೂತಲ್ಲೇ ಸಾಯುತ್ತೆ. ನನ್ನ ತಪ್ಪಿಗೆ ಇನ್ನೊಂದು ತಾಯಿ ಸಾಯೋದು ಬೇಡ."

ಹೀಗೆ ಹೇಳಿ ಅವಳು ಮೆಟ್ಟಿಲಿಳಿದು ಬೀದಿಗೆ ಹೋದಳು. ದರ್ಜಿ ಕೂತಲ್ಲೇ ಕೂತಿದ್ದ. ಕೋಲಿನ ಸದ್ದು ಬೀದಿಯ ತಿರುವಿನವರೆಗೂ ಕೇಳಿತು. ಅವಳು ಕುಂಬಾರರ ಮನೆ ದಾಟಿರಬಹುದು. ಈಗ ಕಟ್ಟೆ ದಾಟಿರಬಹುದು. ಇನ್ನು ಸ್ವಲ್ಪ ಸುಮ್ಮನಿದ್ದರೆ ಸಾಕು, ಎಲ್ಲ ಮುಗಿಯುತ್ತದೆ. ಓಗೊಡುವುದು ಇರುವುದಿಲ್ಲ. ಯಾರೂ ಏನೂ ಕೇಳುವುದಿಲ್ಲ. ತಪ್ಪನ್ನು ಬೇರೊಬ್ಬರು ಹೊತ್ತುಕೊಂಡು ಹೋಗಿಯಾಗಿದೆ.

ಅವನು ಎದ್ದು ಓಡಿದ. ಕಾಲಿಗೆ ಚಪ್ಪಲಿ ಇರಲಿಲ್ಲ, ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. ಹಕ್ಕಿಮನೆಯ ಮೆಟ್ಟಿಲ ಮೇಲೆ ಅತ್ತೆ ಒಂದು ಕಾಲಿಟ್ಟಿದ್ದಳು. ಒಳಗಿನಿಂದ ನೂರು ಹಕ್ಕಿಗಳ ಸದ್ದು ಬರುತ್ತಿತ್ತು. ಹಕ್ಕಿಮನೆಯವ್ವ ಬಾಗಿಲಲ್ಲಿ ನಿಂತಿದ್ದಳು.

"ಅತ್ತೆ, ನಿಲ್ಲಿ. ಅವು ಮಣ್ಣು."

"ಯಾವುವು?"

"ಹಕ್ಕಿ ಕೆಳಗಿರೋವು. ನಾನು ನಿಜವಾದ್ದನ್ನ ವಾಪಸ್ಸು ಇಡಲೇ ಇಲ್ಲ. ಡಬ್ಬಿಯಲ್ಲೇ ಇವೆ, ಕೆಟ್ಟುಹೋಗಿವೆ."

ಅತ್ತೆಗೆ ಅರ್ಥವಾಗಲಿಲ್ಲ. "ಮರೆತುಬಿಟ್ರಾ?"

ಹೌದು ಎಂದುಬಿಡಬಹುದಿತ್ತು. ತಪ್ಪಿಸಿಕೊಳ್ಳುವ ಬಾಗಿಲು ಅಷ್ಟು ಸುಲಭವಾಗಿ ತೆರೆದಿತ್ತು. "ಮರೆಯಲಿಲ್ಲ" ಎಂದ ದರ್ಜಿ. "ಅವಳು ನಿದ್ದೆಯಲ್ಲಿ ಹೋಗಲಿಲ್ಲ ಅತ್ತೆ. ನನ್ನನ್ನ ಕರೆದಳು. ನಾನು ಬಂದೆ ಅಂದೆ, ಹೋಗಲಿಲ್ಲ. ಒಂದು ತೋಳು ಹೊಲಿಯೋದಿತ್ತು. ಅದನ್ನ ಮುಗಿಸಿ ಎದ್ದೆ. ಆ ಮಾತನ್ನ ಮತ್ತೆ ಊರ ಮುಂದೆ ಅನ್ನೋಕೆ ನನ್ನಿಂದ ಆಗಲಿಲ್ಲ. ಅದಕ್ಕೇ ದಿನ ತಳ್ಳಿದೆ. ನೀವು ಹೊಳೆಯಿಂದ ಬೇಗ ಬಂದಿದ್ರೂ ಅಷ್ಟೇ, ತಡವಾಗಿ ಬಂದಿದ್ರೂ ಅಷ್ಟೇ. ಮನೆಯಲ್ಲಿ ನಾನಿದ್ದೆ."

ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೋಲನ್ನು ಮಡಿಲಿಗೆ ಎಳೆದುಕೊಂಡು ಕೇಳಿದಳು. "ಎಷ್ಟು ಸಲ ಕರೆದಳು?"

"ಎರಡು ಸಲ."

"ಜೋರಾಗಿ ಕರೆದಳಾ?"

"ಇಲ್ಲ. ಮೆಲ್ಲಗೆ."

"ನಿನಗೆ ಕೇಳಿಸ್ತಾ?"

ಇಪ್ಪತ್ತೆರಡು ವರ್ಷದಲ್ಲಿ ಅತ್ತೆ ಅಳಿಯನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಕೇಳಿಸ್ತು" ಎಂದ ದರ್ಜಿ.

ಅವಳು ಎದ್ದು, ಅವನು ಚಾಚಿದ ಕೈ ಹಿಡಿಯದೆ, ಕೋಲೂರಿಕೊಂಡು ಮನೆಯ ಕಡೆ ನಡೆದಳು. ಹಕ್ಕಿಮನೆಯವ್ವ ಅವನನ್ನು ಬೈಯಲಿಲ್ಲ. "ಹಕ್ಕಿ ಬೇಡ ಅಂದಿಲ್ಲ" ಎಂದಳು. "ಬೇಡ ಅಂದದ್ದು ನೀನು. ಅದರ ಮೈಯಲ್ಲಿ ಶಕ್ತಿ ಉಳಿದಿದ್ರೆ ಇನ್ನೊಂದು ಸಲ ಇಡುತ್ತೆ. ಇಡದಿದ್ರೆ ಹೆಸರು ತಂದು ಒಪ್ಪಿಸು. ಹೋಗು, ಮೊದಲು ಅದರ ಕೆಳಗಿನ ಮಣ್ಣು ತೆಗಿ."

ಮನೆಗೆ ಬಂದಾಗ ಅತ್ತೆ ಗೂಡಿನ ಪಕ್ಕ ನಿಂತಿದ್ದಳು. "ತೆಗಿ" ಎಂದಳು. ಅವನು ಕೈ ಹಾಕಿದ. ಹಕ್ಕಿ ಏಳಲಿಲ್ಲ. ಬೆರಳನ್ನು ಕುಕ್ಕಿತು, ಮತ್ತೆ ಕುಕ್ಕಿತು. ಆ ಪುಟ್ಟ ಕೊಕ್ಕಿನಲ್ಲಿ ಅಷ್ಟು ಬಲವಿರಬಹುದೆಂದು ಅವನೆಣಿಸಿರಲಿಲ್ಲ. ಎದೆಯಡಿಗೆ ಬೆರಳು ತೂರಿಸಿದಾಗ ಮಣ್ಣಿನ ಮೊಟ್ಟೆಗಳು ಬಿಸಿಯಾಗಿದ್ದವು. ಜೀವವಿರುವ ವಸ್ತುವಿನಷ್ಟೇ ಬಿಸಿ. ಒಂದೊಂದಾಗಿ ನಾಲ್ಕನ್ನೂ ತೆಗೆದ. ಹಕ್ಕಿ ಬರಿಯ ಬಟ್ಟಲನ್ನು ಸುತ್ತಿ ಸುತ್ತಿ ನೋಡಿತು, ಬದಿಯ ಹತ್ತಿಯನ್ನು ಎತ್ತಿ ಎತ್ತಿ ನೋಡಿತು. ಎರಡು ದಿನ ಹಾಗೇ ಹುಡುಕಿತು.

ಅತ್ತೆ ಗುಂಡಿಯ ಡಬ್ಬಿಯನ್ನು ಕೇಳಿ ತೆಗೆದುಕೊಂಡಳು. ತಣ್ಣಗಿನ ನಾಲ್ಕು ಮೊಟ್ಟೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಒಲೆಯ ಮುಂದೆ ಮಧ್ಯಾಹ್ನವಿಡೀ ಕೂತಿದ್ದಳು. ಆಮೇಲೆ ಹಿತ್ತಲಿನಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ತಾನೇ ಕೈಯಿಂದ ಮಣ್ಣು ತೋಡಿ ಹೂತಳು. ದರ್ಜಿ ಹತ್ತಿರ ಹೋದರೆ ಬೇಡವೆಂದು ಕೈ ಅಡ್ಡ ಹಿಡಿದಳು.

ಬಿಸಿಲು ಬಲಿಯಿತು. ವೈಶಾಖದಲ್ಲಿ ಹಕ್ಕಿಗಳು ಮೊಟ್ಟೆಯಿಡುವುದು ಅಪರೂಪ. ಆದರೆ ಮೈ ತುಂಬಿಕೊಂಡ ಹೆಣ್ಣು ಒಂದು ಬೆಳಿಗ್ಗೆ ಮತ್ತೆ ಹತ್ತಿ ಎಳೆಯತೊಡಗಿತು. ಮೂರು ಮೊಟ್ಟೆ ಇಟ್ಟಿತು. ಈ ಸಲ ದರ್ಜಿ ಯಾವುದನ್ನೂ ತೆಗೆಯಲಿಲ್ಲ, ಯಾವುದನ್ನೂ ಇಡಲಿಲ್ಲ. ಮಣ್ಣಿನ ಮೊಟ್ಟೆ ಮುಟ್ಟಲು ಅವನ ಕೈ ಬರಲಿಲ್ಲ. ಮೊಟ್ಟೆಗಳು ಇಟ್ಟ ಕ್ರಮದಲ್ಲೇ ಒಡೆದವು. ಇವತ್ತೊಂದು, ನಾಳೆಯೊಂದು, ನಾಡಿದ್ದೊಂದು.

ಹಕ್ಕಿಮನೆಯವ್ವ ಹೇಳಿದಂತೆಯೇ ಆಯಿತು. ದೊಡ್ಡವೆರಡು ಕತ್ತು ಚಾಚಿ ತಾಯಿ ತಂದದ್ದನ್ನೆಲ್ಲ ನುಂಗಿದವು. ಮೂರನೆಯದು ಅವುಗಳ ಕಾಲಡಿ ಸಿಕ್ಕಿತು. ಕಣ್ಣು ತೆರೆಯದ, ಗರಿಯಿಲ್ಲದ, ಹೆಬ್ಬೆರಳ ಉಗುರಿನಷ್ಟು ತಲೆಯ ಮರಿ. ದರ್ಜಿ ಅದಕ್ಕೆ ತಾನೇ ಉಣಿಸತೊಡಗಿದ. ಬೇಯಿಸಿದ ಮೊಟ್ಟೆಯ ಹಳದಿಯನ್ನು ನೀರಿನಲ್ಲಿ ಕಲಸಿ, ಚೂಪಾಗಿ ಕೊರೆದ ಕಡ್ಡಿಯ ತುದಿಯಲ್ಲಿ ಹಿಡಿದು ಕೊಡುವನು. ಅದು ಕೀಚ್ ಎಂದರೆ ಸಾಕು, ಅರ್ಧ ಹೊಲಿಗೆ ಬಿಟ್ಟು ಏಳುವನು. ದಿನಕ್ಕೆ ಇಪ್ಪತ್ತು ಸಲ ಎದ್ದ, ಮೂವತ್ತು ಸಲ ಎದ್ದ. ಬಟ್ಟೆ ಕೇಳಲು ಬಂದವರು ಬರಿಗೈಯಲ್ಲಿ ಹೋದರು. ಇದೊಂದು ಬದುಕಿದರೆ, ಇದೇ ಹಾಡಿದರೆ ಎಂದು ಅವನ ಮನಸ್ಸು ಒಳಗೊಳಗೇ ಲೆಕ್ಕ ಹಾಕುತ್ತಿತ್ತು.

ಒಂಬತ್ತನೆಯ ದಿನ ಮರಿ ಬಾಯಿ ತೆರೆಯಲಿಲ್ಲ. ಅಂಗೈಯಲ್ಲಿ ಹಿಡಿದು ಊದಿದ, ಎದೆಗೆ ಒತ್ತಿಕೊಂಡ. ಅದು ಹಾಗೇ ತಣ್ಣಗಾಯಿತು.

"ಹೋಯ್ತು ಅತ್ತೆ" ಎಂದ. ಅಳು ತಡೆಯಲಾಗಲಿಲ್ಲ. "ಕರೆದಾಗೆಲ್ಲ ಎದ್ದೆ. ಒಂದು ಸಲಾನೂ ತಪ್ಪಿಸಲಿಲ್ಲ."

ಅತ್ತೆ ತಡವಿ ಮರಿಯ ಮೈ ಮುಟ್ಟಿದಳು. "ಇದಕ್ಕೆ ಎದ್ದೆ ಅಂತ ಅದು ತೀರಿಹೋಗುತ್ತೆ ಅಂದ್ಕೊಂಡಿದ್ಯಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಹೇಳಿ, ಸತ್ತ ಮರಿಯನ್ನು ಇಸಕೊಂಡು, ಹಿತ್ತಲಿಗೆ ಹೋದಳು. ಆ ದಿನ ಅವನು ಹಿಂದೆ ಹೋದಾಗ ಬೇಡವೆನ್ನಲಿಲ್ಲ.

ಉಳಿದ ಎರಡು ಅವನ ಆರೈಕೆಯಿಲ್ಲದೆಯೇ ಬೆಳೆದವು. ಗರಿ ಮೂಡಿತು, ಬಟ್ಟಲ ಅಂಚಿಗೆ ಬಂದವು, ಹಾರಿದವು, ತಾವೇ ಕಾಳು ಒಡೆದವು. ಹೆಣ್ಣು ಕ್ಯಾನರಿ ಹಾಡುವುದಿಲ್ಲ. ಮರಿ ಗಂಡೋ ಹೆಣ್ಣೋ ಹಾಡುವವರೆಗೂ ತಿಳಿಯುವುದಿಲ್ಲ. ಎರಡೂ ಹೆಣ್ಣಾದರೆ ಅಲ್ಲಿಗೆ ಮುಗಿಯಿತು. ಆಷಾಢದ ಗಾಳಿ ಬೀಸಿ ಹೋಯಿತು. ಎರಡೂ ಸುಮ್ಮನಿದ್ದವು.

ಶ್ರಾವಣದ ಒಂದು ಮುಂಜಾವು ಅತ್ತೆ ಬಚ್ಚಲಲ್ಲಿದ್ದಳು. ದರ್ಜಿ ಗೂಡಿಗೆ ನೀರು ಬದಲಿಸುತ್ತಿದ್ದ. ಎರಡನೆಯ ಮರಿ ಕಡ್ಡಿಯ ಮೇಲೆ ಕೂತು ಗಂಟಲು ಉಬ್ಬಿಸಿತು. ಮೊದಲು ಬಾಯಿ ಮುಕ್ಕಳಿಸುವ ಹಾಗೊಂದು ಸದ್ದು. ಆಮೇಲೆ ತೊದಲು. ಆಮೇಲೆ ತೊದಲಿನ ನಡುವಿನಿಂದ ಒಂದು ಸಣ್ಣ ಎಳೆ ಮೇಲಕ್ಕೆದ್ದು, ನಡುಗಿ, ನಿಂತಿತು. ಅದನ್ನು ಕೇಳಿದ್ದು ಅವನೊಬ್ಬನೇ. ಬಚ್ಚಲಲ್ಲಿ ನೀರಿನ ಸದ್ದು.

ಅವನು ಚೊಂಬನ್ನು ಕೆಳಗಿಟ್ಟು ಬಚ್ಚಲ ಬಾಗಿಲಿಗೆ ಹೋಗಿ ಹೇಳಿದ. "ಅತ್ತೆ, ಹಾಡಿತು."

ಹೊತ್ತು ಮೂಡುವಷ್ಟರಲ್ಲಿ ಅಂಗಳ ತುಂಬಿತು. ಹಕ್ಕಿಮನೆಯವ್ವ ಗೂಡಿನ ಪಕ್ಕ ನಿಂತಳು. ಅತ್ತೆ ಒದ್ದೆ ಕೂದಲಲ್ಲೇ ಹೊಸ್ತಿಲ ಮೇಲೆ ನಿಂತು, ಬೀದಿಯ ಕಡೆ ಮುಖ ಮಾಡಿ, ಆರು ತಿಂಗಳಿಂದ ನಾಲಿಗೆಯಡಿ ಇಟ್ಟುಕೊಂಡದ್ದನ್ನು ಕೂಗಿದಳು.

"ದೇವೀರಮ್ಮಾ..."

ಎಲ್ಲರೂ ದರ್ಜಿಯ ಕಡೆ ತಿರುಗಿದರು. ಹೇಳಬೇಕಾದ ಮಾತು ಒಂದೇ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಕೇಳಿಸಿತು" ಎಂದ ಅವನು. "ಬರಲಿಲ್ಲ."

ಯಾರೋ ಉಸಿರೆಳೆದುಕೊಂಡರು. ಎದುರುಮನೆಯವಳು ಬಾಯಿಗೆ ಸೆರಗು ಒತ್ತಿದಳು. ಅಂಥ ಓಗೊಡುವಿಕೆಯನ್ನು ಆ ಊರು ಕೇಳಿರಲಿಲ್ಲ. ಅತ್ತೆ ತಿರುಗಿ ನೋಡಲಿಲ್ಲ. ಕಂಬವನ್ನು ಬಿಗಿಯಾಗಿ ಹಿಡಿದು ಎರಡನೆಯ ಸಲ ಕೂಗಿದಳು.

"ದೇವೀರಮ್ಮಾ..."

"ಕೇಳಿಸಿತು. ಬರಲಿಲ್ಲ."

ಮೂರನೆಯ ಸಲ ಅವಳ ದನಿ ಒಡೆಯಿತು. "ದೇವೀರೀ, ನನ್ನವ್ವಾ..."

"ಕೇಳಿಸಿತು" ಎಂದ ದರ್ಜಿ. "ನಾನು ಬರಲಿಲ್ಲ."

ಜನ ಹಕ್ಕಿಮನೆಯವ್ವನ ಮುಖ ನೋಡಿದರು. ಹೀಗೆ ಓಗೊಟ್ಟರೆ ಹೆಸರು ಸಲ್ಲುತ್ತದೋ ಇಲ್ಲವೋ ಅವಳೇ ಹೇಳಬೇಕಿತ್ತು. ಅವಳು ಅತ್ತೆಯನ್ನು ಕೇಳಿದಳು. "ಏನವ್ವ, ಮಗಳು ಬಂದಳಾ?"

ಅತ್ತೆ ಕೆನ್ನೆ ಒರೆಸಿಕೊಂಡಳು. "ಬಂದಳು" ಎಂದಳು.

ಹೆಸರು ಊರಿನದಾಯಿತು. ತಂದೆತಾಯಿ ಹಕ್ಕಿಗಳು ಹಕ್ಕಿಮನೆಗೆ ಮರಳಿದವು. ಕೆಲವರು ಆಮೇಲೆ ದರ್ಜಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಮದುವೆಯ ಬಟ್ಟೆಯನ್ನಂತೂ ಯಾರೂ ತರಲಿಲ್ಲ. ಅವನು ಯಾರನ್ನೂ ಯಾಕೆಂದು ಕೇಳಲಿಲ್ಲ. ಅತ್ತೆ ತನ್ನ ತಮ್ಮನ ಮನೆಗೆ ಹೊರಟುಹೋಗುತ್ತಾಳೆಂದು ಊರು ಕಾದಿತ್ತು, ಅವನೂ ಕಾದಿದ್ದ. ಅವಳು ಹೋಗಲಿಲ್ಲ. ಹಾಗೆಂದು ಅವನ ಜೊತೆ ಹೆಚ್ಚು ಮಾತೂ ಆಡಲಿಲ್ಲ. ನೀರು ಕಾದಿದೆ, ಎಣ್ಣೆ ಮುಗಿದಿದೆ, ಬಾಗಿಲು ಹಾಕು, ಅಷ್ಟೇ. ಬಹುವಚನ ಮಾತ್ರ ಮರಳಿ ಬರಲಿಲ್ಲ. ದರ್ಜಿಗೂ ಅದು ಬೇಕಿರಲಿಲ್ಲ.

ಚಳಿ ಶುರುವಾದ ಒಂದು ಬೆಳಿಗ್ಗೆ ಅವಳು ಜಗುಲಿಯ ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವನು ಎದುರಿಗೆ ಹರಿದ ಚೀಲವೊಂದಕ್ಕೆ ತೇಪೆ ಹಾಕುತ್ತಿದ್ದ. ಅವಳು ತಲೆಯೆತ್ತದೆ ಹೇಳಿದಳು.

"ದೇವೀರಿ ಕೆರೇಲಿ ಈಜ್ತಿದ್ದಳು. ಈ ದಡದಿಂದ ಆ ದಡಕ್ಕೆ."

ದರ್ಜಿ ಸೂಜಿ ಹಿಡಿದ ಕೈಯನ್ನು ನಿಲ್ಲಿಸಿದ. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದ ಹೆಂಡತಿ. ಒಂದು ಸಲವೂ ಅವಳು ನೀರಿಗಿಳಿದದ್ದನ್ನು ಅವನು ಕಂಡಿರಲಿಲ್ಲ.

"ನನಗೆ ಗೊತ್ತೇ ಇರಲಿಲ್ಲ."

"ಯಾವತ್ತಾದ್ರೂ ಕೇಳಿದ್ಯಾ?"

"ಇಲ್ಲ."

ಅತ್ತೆ ಒಂದು ಕಾಯಿ ಬಿಡಿಸಿದಳು, ಕಾಳನ್ನು ಮೊರಕ್ಕೆ ಹಾಕಿದಳು, ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದಳು.

"ಹಾಗಾದ್ರೆ ಈಗ ಕೇಳು" ಎಂದಳು. "ಅವಳಿಗಾಗ ಒಂಬತ್ತು ವರ್ಷ. ಆ ಸಲ ಕೆರೆ ಕೋಡಿ ಬಿದ್ದಿತ್ತು. ಯಾರೂ ಹತ್ತಿರ ಹೋಗಬೇಡಿ ಅಂತ ಡಂಗುರ ಹೊಡೆಸಿದ್ರು. ಇವಳು ಏನು ಮಾಡಿದಳು ಗೊತ್ತಾ..."